ಹಲಗೇರಿಯ ಲಾರಿ ಬಡಿದು ನೋಡಿದ್ದು

ರಾಣೆಬೆನ್ನೂರು
14 ಅಕ್ಟೋಬರ್ 2024, ಸೋಮವಾರ

ಅಪ್ಪನಿಗೆ ದಾಕ್ಷಿಯ ನಮಸ್ಕಾರ.

ಫೋನ್ ಮಾಡಿ ಮಾಡಿ ಸಾಕಾಗಿ ಈಗ ಕಾಗದ ಹಿಡಿದಿದ್ದೇನೆ. ಈ ತಿಂಗಳಲ್ಲಿ ನಾಲ್ಕು ಸಲ ಮಾಡಿದೆ. ನಾಲ್ಕೂ ಸಲ ಅವ್ವನೇ ಎತ್ತಿ, "ನಿಮ್ಮಪ್ಪ ಶೆಡ್ಡಿನ್ಯಾಗ ಅದಾನ, ಕೈಗೆ ಗ್ರೀಸ್ ಹತ್ತೇತಿ" ಅಂದಳು. ನನ್ನ ಮದುವೆಯಾದ ಮೇಲೆ ನಿನ್ನ ಕೈ ಮೂರು ವರ್ಷದಿಂದ ಗ್ರೀಸಿನಲ್ಲೇ ಇದೆ. ಬಿ.ಎಡ್. ಅರ್ಧಕ್ಕೆ ಬಿಟ್ಟು ಡ್ರೈವರನ್ನು ಮಾಡಿಕೊಂಡಳು ಅನ್ನುವ ಸಿಟ್ಟು ಇನ್ನೂ ಇಳಿದಿಲ್ಲ ಅಂತ ನಾನು ತಿಳಿದುಕೊಂಡಿದ್ದೇನೆ. ಇರಲಿ. "ಕಾಗದ ಬರಿ, ಓದ್ತಾನ. ಭಜಿ ಕಟ್ಟಿಕೊಟ್ಟ ಪೇಪರ್ ಸೈತ ಓದದ ಬಿಡಂಗಿಲ್ಲ" ಅಂತ ಅವ್ವನೇ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಒಂದು ಲಾರಿಯದು. ನಿನ್ನ ಅಳಿಯ ಒಂಬತ್ತು ವರ್ಷ ಮಂದಿ ಲಾರಿ ಹೊಡೆದದ್ದು ಸಾಕು, ಈ ಮೆಣಸಿನಕಾಯಿ ಸುಗ್ಗಿಗೆ ಸ್ವಂತದ್ದು ಆಗಲೇಬೇಕು ಅಂತ ಹಟ ಹಿಡಿದಿದ್ದಾರೆ. ಹಲಗೇರಿಯ ನಿಜಲಿಂಗಪ್ಪ ಅನ್ನುವವರು ತಮ್ಮ ಆರು ಗಾಲಿಯ ಲಾರಿ ಮಾರುತ್ತಿದ್ದಾರೆ. ಹನ್ನೊಂದು ವರ್ಷದ್ದು. ಆಯುಧ ಪೂಜೆಯ ದಿನ ನೋಡಲು ಹೋಗಿದ್ದೆವು. ಚೆಂಡು ಹೂವಿನ ಹಾರ, ಬಾಳೆಕಂಬ, ಊದುಬತ್ತಿ, ಮದುಮಗನ ಹಾಗೆ ನಿಲ್ಲಿಸಿದ್ದರು. ಇವರು ಎಂಜಿನ್ ಶುರು ಮಾಡಿಸಿ ಖುಷಿಯಲ್ಲಿ ತಲೆ ಅಲ್ಲಾಡಿಸುತ್ತಿದ್ದರೆ ನಾನು ಹಾರ ಸರಿಸಿ ನೋಡಿದೆ. ಮುಂದಿನ ಬಂಪರಿನ ಎಡಗಡೆ ಎರಡು ಅಂಗೈ ಅಗಲ ತುಕ್ಕು. ಮುಟ್ಟಿದರೆ ಹಪ್ಪಳದ ಹಾಗೆ ಎದ್ದು ಬಂತು. ಅದೇ ಕೈಯಿಂದ ಕೂಸು ಮಧೂನ ಎತ್ತಿಕೊಂಡೆ, ಅವಳ ಹೊಸ ಅಂಗಿಗೆ ಆದ ಕಲೆ ಇನ್ನೂ ಹೋಗಿಲ್ಲ.

"ಮುಂದ ಇಷ್ಟು ಇದ್ರ ಬುಡಕ ಎಷ್ಟಿರಬೇಕು" ಅಂದೆ. ಇವರು ನಕ್ಕರು. "ಏಳು ತಿಂಗಳಿಂದ ನಿದ್ದಿ ಇಲ್ಲಲ್ಲ, ನಿನಗ ಹಾಲಿನ ಪಾತೇಲಿಯೊಳಗೂ ಜಂಗ ಕಾಣ್ತೈತಿ."

ನಿದ್ದೆ ಇಲ್ಲದ್ದು ನಿಜ. ಮಗು ಮಲಗಿದರೂ ನಾನು ಮಲಗುವುದಿಲ್ಲ, ಅವಳ ಉಸಿರು ನೋಡುತ್ತಾ ಕೂರುತ್ತೇನೆ. ಇವರು ದೂರದ ಲೋಡಿಗೆ ಹೋದರೆ ಮೊಬೈಲಿನಲ್ಲಿ ಒಂದು ನೀಲಿ ಚುಕ್ಕಿ ಕಾಣುತ್ತದೆ, ಇವರ ಲಾರಿ ಎಲ್ಲಿದೆ ಅಂತ ತೋರಿಸುವುದು. ಅದು ಘಾಟಿನಲ್ಲಿ ಹತ್ತು ನಿಮಿಷ ಅಲ್ಲಾಡದೆ ನಿಂತರೆ ನನ್ನ ಎದೆಯೂ ನಿಲ್ಲುತ್ತದೆ. ಬಹಳ ಸಲ ಅವರು ಚಹಾ ಕುಡಿಯುತ್ತಿರುತ್ತಾರೆ.

ನೀನು ನಲವತ್ತು ವರ್ಷ ಲಾರಿಗಳಿಗೆ ಬಾಡಿ ಕಟ್ಟಿದವನು. ಕಬ್ಬಿಣ ನಿನಗೆ ಗೊತ್ತು. ತಗೋ ಅನ್ನು, ಇಲ್ಲಾ ಬ್ಯಾಡ ಅನ್ನು. ನನ್ನ ಮೇಲಿನ ಸಿಟ್ಟನ್ನು ಬದಿಗಿಟ್ಟು ಬರೆ.

ನಿನ್ನ ಮಗಳು
ದಾಕ್ಷಾಯಿಣಿ


ಮೋಟೆಬೆನ್ನೂರ
19-10-2024

ದಾಕ್ಷಿಗೆ ಆಶೀರ್ವಾದ.

ಕಾಗದ ಮುಟ್ಟಿತು. ಮುಂದಿನ ಬಂಪರಿನ ಎಡಗಡೆ ಜಂಗ ಅಂತ ಬರದಿ. ಅದು ಕಾಯಿ ನೀರಿನ ಜಂಗ. ಅಮಾಸಿಗೊಮ್ಮೆ ಲಾರಿಗೆ ಕಾಯಿ ಒಡೀತಾರಲ, ಬಲಗೈಯವರು ಒಡದ್ರ ನೀರು ಎಡಕ್ಕ ಸಿಡಿತೈತಿ. ಹನ್ನೊಂದು ವರ್ಷ ಅಮಾಸಿ ತಪ್ಪಿಸದ ಒಂದ ಜಾಗಾದಾಗ ಒಡದ್ರ ಅಷ್ಟ ಅಗಲ ಆಗತೈತಿ. ಅಮಾಸಿ ತಪ್ಪಿಸದವ ಎಂಜಿನ್ ಆಯಿಲ್ಲೂ ತಪ್ಪಿಸಿರಂಗಿಲ್ಲ. ಅಲ್ಲೆ ಜಂಗ ಇಲ್ಲದ ಹಳೀ ಲಾರಿ ಕಂಡ್ರ ನನಗ ಸಂಶಯ ಬರತೈತಿ. ಅದಕ್ಕ ಹೆದರಬ್ಯಾಡ.

ಜಂಗ ನೋಡೂದಾದ್ರ ಕಣ್ಣಿಗೆ ಕಾಣೂದು ಬಿಟ್ಟು ನೋಡಬೇಕು. ಹಿಂದಿನ ಕಮಾನಿನ ಪಾಟಾ, ಸ್ಪ್ರಿಂಗ್ ಪಟ್ಟಿ, ಬುಡದ ಚಾಸಿ ಕಬ್ಬಿಣಕ್ಕ ಎಲ್ಲಿ ಕೂಡತೈತಿ, ಭಾರ ಎಲ್ಲಾ ಅಲ್ಲೆ. ಅಲ್ಲೆ ಹೆಂಗೈತಿ ಕೇಳು. ಲಾರಿ ನಂಬರ್ ಬರದ ಕಳಸು. ನಾ ಬರಿಯೂತನಾ ಮುಂಗಡ ಕೊಡಬ್ಯಾಡ ಅಂತ ಅಳಿಯಂದ್ರಿಗೆ ಹೇಳು.

ನಿಮ್ಮವ್ವ ಬಾಜೂಕ ಕುಂತು, ಕೂಸಿಗೆ ಬಜಿ ಬೇರು ತೇದು ಹಾಕಾಕತ್ತೀಯಿಲ್ಲ ಕೇಳು ಅಂತಾಳ. ಕೇಳೇನಿ.

ಗುಡದಪ್ಪ


ರಾಣೆಬೆನ್ನೂರು
24 ಅಕ್ಟೋಬರ್ 2024

ಅಪ್ಪನಿಗೆ,

ಮೂರು ವರ್ಷಕ್ಕೆ ನಿನ್ನ ಕೈಬರಹ ನೋಡಿದೆ. ಪೋಸ್ಟಿನವನ ಮುಂದೆಯೇ ಒಡೆದು ಓದಿದೆ.

ಕಾಯಿ ನೀರಿನ ಮಾತು ನಿಜ. ಇವರು ಹೋಗಿ ಕೇಳಿದಾಗ ನಿಜಲಿಂಗಪ್ಪನವರು ಎದ್ದು ಬಂದು ಆ ಜಂಗನ್ನು ಮೊಮ್ಮಗನ ತಲೆ ಸವರಿದ ಹಾಗೆ ಸವರಿದರಂತೆ. "ನೂರಾ ಮೂವತ್ತರ ಮ್ಯಾಲೆ ಕಾಯಿ ಒಡದೇನಿ ಇಲ್ಲೆ. ಯಾರೂ ಗುರ್ತ ಹಿಡಿದಿದ್ದಿಲ್ಲ, ನಿಮ್ಮ ಮಾವ ಕುಂತಲ್ಲೇ ಹಿಡದ್ರಲ" ಅಂದರಂತೆ. ಇವರು ಎದೆ ಉಬ್ಬಿಸಿಕೊಂಡು ಮನೆಗೆ ಬಂದರು, ಗುರುತು ಹಿಡಿದವರು ತಾವೇ ಅನ್ನುವ ಹಾಗೆ. ನಮ್ಮ ಅತ್ತೆ ಮುದುಕವ್ವ ಓಣಿಗೆಲ್ಲ ಹೇಳಿ ಬಂದಿದ್ದಾಳೆ.

ಲಾರಿಯ ಕಡೆಯ ನಂಬರು 4619. ಹಿಂದಿನ ಪಾಟಾದ ಹತ್ತಿರ ಇವರು ಬಗ್ಗಿ ನೋಡಿದರು. ಕರಿ ಬಣ್ಣ ಹೊಡೆದಿದ್ದಾರೆ, ನುಣ್ಣಗಿದೆ, ಏನೂ ಇಲ್ಲ ಅಂದರು.

ಅಪ್ಪ, ನೀನೇ ಒಂದು ದಿನ ಬಂದು ಬಡಿದು ನೋಡಬಾರದೇ? ಸಣ್ಣವಳಿದ್ದಾಗ ನಾನು ಶೆಡ್ಡಿನ ಮೂಲೆಯಲ್ಲಿ ಕೂತು ಕಾಪಿ ಬರೆಯುತ್ತಿದ್ದರೆ ನೀನು ಸುತ್ತಿಗೆ ಹಿಡಿದು ಚಾಸಿಯ ಉದ್ದಕ್ಕೂ ಬಡಿದುಕೊಂಡು ಹೋಗುತ್ತಿದ್ದೆ. ಒಂದೊಂದು ಪೆಟ್ಟಿಗೆ ನಿಂತು ಕೇಳಿ, ಒಳಗಿನ ಜಂಗ ಇಲ್ಲೆ ಐತಿ ನೋಡ್ರಿ ಅಂತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಒಂದು ಬಸ್ಸಿನ ದಾರಿ. ಮೊಮ್ಮಗಳನ್ನೂ ನೋಡಿದ ಹಾಗಾಗುತ್ತದೆ. ನಿನ್ನ ಹಾಗೆಯೇ ಹುಬ್ಬು ಗಂಟು ಹಾಕುತ್ತಾಳೆ.

ದಾರಿ ನೋಡುತ್ತಿರುತ್ತೇನೆ.

ದಾಕ್ಷಿ


ಮೋಟೆಬೆನ್ನೂರ
8-11-2024

ದಾಕ್ಷಿಗೆ,

ಕೆಲಸ ಭಾಳ ಐತಿ. ಬರಾಕ ಆಗೂದಿಲ್ಲ.

ಆ ಲಾರಿ ಬ್ಯಾಡ.

ಗುಡದಪ್ಪ


ರಾಣೆಬೆನ್ನೂರು
13 ನವೆಂಬರ್ 2024

ಅಪ್ಪಾ,

ನಿನ್ನ ಕಾಗದ ಇವರಿಗೆ ಓದಿ ತೋರಿಸಿದೆ. ಓದಲು ಎಷ್ಟು ಹೊತ್ತು ಬೇಕು, ಎರಡು ಸಾಲು. "ಮಾವ ಬ್ಯಾಡ ಅಂದ್ರ ಬ್ಯಾಡ" ಅಂದು ಕೈ ತೊಳೆದುಕೊಂಡು ಎದ್ದರು. ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ಮಾರನೇ ದಿನ ನಿಜಲಿಂಗಪ್ಪನವರಿಗೆ ಇಲ್ಲ ಅಂತ ಹೇಳಲು ಹೋದವರು ಒಂದು ಸುದ್ದಿ ತಂದರು.

ದೀಪಾವಳಿ ಕಳೆದ ಸೋಮವಾರ ಖಾಕಿ ಅಂಗಿಯ ಒಬ್ಬ ಮುದುಕ ಅಲ್ಲಿಗೆ ಬಂದಿದ್ದನಂತೆ. ಕೈಚೀಲದಿಂದ ಸಣ್ಣ ಸುತ್ತಿಗೆ ತೆಗೆದು, ಲಾರಿ ಬುಡಕ್ಕೆ ಹೋಗಿ, ಹಿಂದಿನ ಪಾಟಾದ ಹತ್ತಿರ ಬಡಿದನಂತೆ. ಮತ್ತೆ ಬಡಿದನಂತೆ. ಕಿವಿ ಹಚ್ಚಿದನಂತೆ, ಅಂಗೈ ಇಟ್ಟನಂತೆ, ಆಮೇಲೆ ಅಲ್ಲೇ ನೆಲದ ಮೇಲೆ ಅರ್ಧ ತಾಸು ಕೂತನಂತೆ. ಯಾರ್ರಿ ನೀವು ಅಂದರೆ ಉತ್ತರ ಕೊಡದೆ, ಚಹಾ ಕುಡಿಯದೆ ಎದ್ದು ಹೋದನಂತೆ.

ಹಲಗೇರಿಯಿಂದ ನಮ್ಮ ಮನೆ ಎಷ್ಟು ದೂರ ಅಂತ ನಿನಗೆ ಗೊತ್ತು. ನೀನು ಕಬ್ಬಿಣ ನೋಡಲು ಬಂದೆ, ಮಗಳನ್ನು ನೋಡದೆ ಹೋದೆ. ಬಂದದ್ದನ್ನು ಬರೆಯಲೂ ಇಲ್ಲ.

ಮದುವೆಯ ಮಾತಿನಲ್ಲೂ ನೀನು ಅಂದದ್ದು ಇಷ್ಟೇ, ಬ್ಯಾಡ. ಯಾಕೆ ಅಂತ ಹೇಳಲಿಲ್ಲ. ನಾನು ಕಾರಣ ಕೇಳಿ ಕೇಳಿ ಕಡೆಗೆ ಕೇಳುವುದನ್ನು ಬಿಟ್ಟೆ. ಈ ಸಲ ಬಿಡುವುದಿಲ್ಲ. ಇವರು ನಿನ್ನ ಒಂದು ಮಾತಿಗೆ ಒಂಬತ್ತು ವರ್ಷದ ಆಸೆ ಬಿಟ್ಟು ಕೂತಿದ್ದಾರೆ. ಆ ಮಾತಿನ ಹಿಂದೆ ಏನಿದೆ ಅಂತ ತಿಳಿಯುವ ಹಕ್ಕು ಅವರಿಗಿದೆ.

ದಾಕ್ಷಾಯಿಣಿ


ಮೋಟೆಬೆನ್ನೂರ
20-11-2024

ನನ್ನ ಮಗಳಿಗೆ,

ಈ ಕಾಗದ ಬರಿಯಾಕ ನಾಕು ದಿನ ಹಿಡದಾವ. ನಿಮ್ಮವ್ವಗ ಓದಿ ತೋರಿಸೂದಿಲ್ಲ.

ನನಗ ಕಿವಿ ಕೇಳಸೂದಿಲ್ಲ. ಎಡಗಡಿದು ಪೂರಾ ಹೋಗೇತಿ, ಬಲಗಡಿದು ಹೋಗಾಕತ್ತೇತಿ. ನಲವತ್ತು ವರ್ಷ ತಗಡು ಬಡದದ್ದಕ್ಕ ಸಿಕ್ಕದ್ದು. ನಿನ್ನ ಮದುವಿ ಹೊತ್ತಿಗೇ ಶುರು ಆಗಿತ್ತು. ನೀ ಫೋನಿನ್ಯಾಗ ಅಪ್ಪಾ ಅಂತಿ, ಮುಂದಿಂದು ನನಗ ಗಾಳಿ ಬೀಸಿದಂಗ ಆಗತೈತಿ. ಏನ ಕೇಳಿದಿ ಅಂತ ತಿಳೀದ ಹೂಂ ಅನ್ನೂದಕ್ಕಿಂತ ಗ್ರೀಸ್ ಹತ್ತೇತಿ ಅಂತ ಹೇಳಸೂದು ಪಾಡ ಅನಿಸ್ತು. ಸಿಟ್ಟು ಅಂತ ನೀ ತಿಳಕೊಂಡಿ. ತಿಳಕೊಳ್ಳಲಿ ಅಂತ ಬಿಟ್ಟೆ. ಕಿವುಡ ಅನ್ನಿಸಿಕೊಳ್ಳೂದಕ್ಕಿಂತ ಸಿಟ್ಟಿನವ ಅನ್ನಿಸಿಕೊಳ್ಳೂದು ಹಗುರ ಇತ್ತು.

ಹಲಗೇರ್ಯಾಗ ಬಡದೆ. ಏನೂ ಕೇಳಸಲಿಲ್ಲ. ಅಂಗೈ ಇಟ್ರ ನಡುಗೂದು ತಿಳೀತೈತಿ, ಆದ್ರ ಪಾಡ ಕಬ್ಬಿಣನೂ ನಡಗತೈತಿ, ಕೊಳತದ್ದೂ ನಡಗತೈತಿ. ಆ ಮಾರಿ ಹೊತ್ತು ನಿನ್ನ ಮನಿಗೆ ಹೆಂಗ ಬರ್ಲಿ. ಬಾಜೂ ಶೆಡ್ಡಿನ ಶಾಬುದ್ದೀನಗೂ ಹೇಳಿಲ್ಲ. ಅವ ತನ್ನ ಗಿರಾಕಿಗಳನ್ನ ಬಡಿಸಾಕ ನನ್ನ ಹತ್ರನ ಕಳಸ್ತಾನ. ತಲಿ ಅಲ್ಲಾಡಿಸಿ, ಏನರ ನೆವ ಹೇಳಿ ತಿರುಗಿ ಕಳಸ್ತೇನಿ.

ನಿನಗ ಕೇಳತೈತಿ. ಆರು ವರ್ಷದಾಕಿದ್ದಾಗ ಕಾಪಿ ಬರಕೋತ ಕುಂತಲ್ಲೇ, ಅಪ್ಪ ಅದು ಬೊದ್ ಅಂತು ಅಂದಿದ್ದಿ. ನಾ ಗೆರಿ ಎಳಿಯೂಕಿಂತ ಮೊದಲ ಅಂದಿದ್ದಿ. ಸಾಲಿ ಕಲಿಯೋ ಹುಡುಗಿಗೆ ಇದ್ಯಾಕ ಅಂತ ಮರುದಿನದಿಂದ ಶೆಡ್ಡಿಗೆ ಬರೂದು ಬಿಡಿಸಿದೆ.

ನನ್ನ ಸಣ್ಣ ಸುತ್ತಿಗಿ ಬಸ್ಸಿನ ಕಂಡಕ್ಟರ್ ಕೈಯಾಗ ಕಳಸೇನಿ. ಹಿಡಿ ತುದೀಗೆ ಸಡ್ಲಾಗಿ ಹಿಡಿ, ಬಡದ ಕೂಡ್ಲೆ ಎತ್ತು. ನಿಮ್ಮವ್ವ ಸಂತ್ಯಾಗ ಗಡಿಗಿ ಬಡದು ನೋಡತಾಳಲ, ಹಂಗ. ಮುಂದಿನಿಂದ ಶುರು ಮಾಡು, ಎರಡು ಹೆಜ್ಜಿಗೊಂದು ಪೆಟ್ಟು. ಹಿಂದಿನ ಪಾಟಾದ ಹತ್ರ, ಎಡಗಡೆ, ನಾಕನೇ ಜಾಗಾ ಬರತೈತಿ. ಅಲ್ಲೆ ಎರಡು ಸಲ ಬಡಿ. ಕೇಳಿದ್ದು ಕೇಳಿದಂಗ ಬರಿ. ಚಂದ ಮಾಡಿ ಬರೀಬ್ಯಾಡ.

ಅಪ್ಪ


ರಾಣೆಬೆನ್ನೂರು
2 ಡಿಸೆಂಬರ್ 2024, ಸೋಮವಾರ

ಅಪ್ಪನಿಗೆ,

ನಿನ್ನ ಕಾಗದದ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಬರೆಯಲು ಕೂತರೆ ಲಾರಿಯ ಸುದ್ದಿ ಉಳಿದುಹೋಗುತ್ತದೆ. ಅವ್ವನಿಗೆ ಫೋನ್ ಮಾಡಿ ನಿನ್ನನ್ನು ಕರೆ ಅನ್ನುವುದನ್ನು ಮಾತ್ರ ನಿಲ್ಲಿಸಿ, ನಿನಗೆ ಬರೆಯುವುದನ್ನು ವಾರಕ್ಕೊಂದು ಮಾಡುತ್ತೇನೆ.

ನಿನ್ನೆ ಹಲಗೇರಿಗೆ ಹೋಗಿದ್ದೆವು. ಅಮಾವಾಸ್ಯೆ. ನಿಜಲಿಂಗಪ್ಪನವರು ಆಗಷ್ಟೇ ಕಾಯಿ ಒಡೆದು ಬಂಪರ್ ಒದ್ದೆ ಇತ್ತು. ನಾನು ಸೀರೆಯ ನೆರಿಗೆ ಎತ್ತಿ ಕಟ್ಟಿ ಸುತ್ತಿಗೆ ಹಿಡಿದದ್ದು ನೋಡಿ, "ಬಿ.ಎಸ್ಸಿ. ಓದಿದಾಕಿ ಅಂದಿದ್ರಲ್ಲ ಮಾಂತೇಶ, ಲಾರಿ ಬುಡಕ ಹೊಕ್ಕಾಳಲ" ಅಂತ ಇವರಿಗೆ ಅಂದರು. ಇವರು, "ಪಾಸ್ ಆಗೇತಿರಿ, ಈಗ ಪ್ರಾಕ್ಟಿಕಲ್" ಅಂದರು. ಅತ್ತೆ ಮಧೂನ ಎತ್ತಿಕೊಂಡು ಬೇವಿನ ನೆರಳಿಗೆ ಕೂತಳು, ಮೂಗು ಮುರಿಯುತ್ತಲೇ. "ಗಂಡ ಇದ್ದಾನ, ಲಾರಿ ಮಾಲಕರು ಇದ್ದಾರ, ಇಕಿ ಯಾಕ ಬೇಕು."

ಕೇಳಿದ್ದು ಕೇಳಿದ ಹಾಗೆ ಬರೆಯುತ್ತೇನೆ.

ಒಂದನೇ ಜಾಗ, ಖಣ್. ಗುಡಿಯ ಗಂಟೆ ನಿಂತ ಮೇಲೂ ಗಾಳಿಯಲ್ಲಿ ಉಳಿಯುತ್ತದಲ್ಲ, ಹಾಗೆ ಉಳಿಯಿತು.

ಎರಡನೇದು ಅದೇ, ದನಿ ಸ್ವಲ್ಪ ದಪ್ಪ. ಕೊಡದಲ್ಲಿ ಅರ್ಧ ನೀರಿದ್ದಾಗ ತಟ್ಟಿದರೆ ಬರುವಷ್ಟು.

ಮೂರನೇದು ಠಣ್ ಅಂದು ಹಿಂದೆಯೇ ಕಿರಿಕಿರಿ ಅಂತು. ನಾನು ಹೆದರಿದೆ. ಮತ್ತೆ ಬಡಿದೆ. ಕಿರಿಕಿರಿ ಚಾಸಿಯದಲ್ಲ, ಬಾಜೂಕ ಏನೋ ಅಲ್ಲಾಡುತ್ತಿದೆ ಅನ್ನಿಸಿತು. ಕೈ ಆಡಿಸಿದರೆ ಒಂದು ಬೋಲ್ಟು ಸಡಿಲ. ಇವರು ಪಾನಾ ಹಾಕಿ ಬಿಗಿದರು. ಬಡಿದೆ. ಖಣ್. ಆಗ ಅತ್ತೆಯ ಮೂಗು ನೆಟ್ಟಗಾಯಿತು.

ನಾಲ್ಕನೇದು, ಬೊದ್. ಮಳೆಯಲ್ಲಿ ನೆನೆದ ಗೋಡೆಗೆ ಬಡಿದ ಹಾಗೆ. ದನಿ ಅಲ್ಲೇ ಸತ್ತಿತು. ನೀನು ಹೇಳಿದ ಹಾಗೆ ಎರಡನೇ ಸಲ ಬಡಿದೆ. ಬೊದ್. "ಮಣ್ಣು ಮೆತ್ತಿರತೈತಿ ತಂಗಿ" ಅಂದರು ನಿಜಲಿಂಗಪ್ಪ. ಕೆರೆದು ಒರೆಸಿ ಬಡಿದೆ, ಅದೇ. ಎದುರಿನ ಬಲಗಡೆ ಬಡಿದೆ, ಖಣ್. ಮತ್ತೆ ಎಡಗಡೆ, ಬೊದ್. ಇವರಿಗೂ ಕೇಳಿಸಿತು. ಇವರ ಮುಖ ಇಳಿಯಿತು.

ಉಳಿದವು ಎಲ್ಲವೂ ಖಣ್. ಒಂದೇ ಒಂದು ಜಾಗ ಕೆಟ್ಟಿದೆ.

ಅಲ್ಲಿ ಬೆರಳಾಡಿಸಿದೆ. ಮೇಲೆ ಒಂದು ಗೇಣುದ್ದದ ತಗಡು ಕೂರಿಸಿ ಬೆಸೆದಿದ್ದಾರೆ. ಮೂಲೆಗಳನ್ನು ದುಂಡಗೆ ಮಾಡಿ, ಅಂಚನ್ನು ಎಷ್ಟು ನಾಜೂಕಾಗಿ ಉಜ್ಜಿದ್ದಾರೆ ಅಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಮಾಡಿದವನು ಒಳ್ಳೆಯ ಕೆಲಸಗಾರ. ಅಂಥ ಕೈ ಇದ್ದವನು ತುಕ್ಕಿನ ಮೇಲೆ ಯಾಕೆ ಮುಚ್ಚಿದ ಅನ್ನುವುದು ನನಗೆ ತಿಳಿಯುತ್ತಿಲ್ಲ.

ಅಪ್ಪ, ಬುಡದಿಂದ ಹೊರಗೆ ಬಂದಾಗ ತಲೆ ತುಂಬ ಧೂಳು, ಮೊಣಕೈ ತರಚಿತ್ತು. ಅಷ್ಟು ಬಡಿಯುವ ಸಪ್ಪಳದಲ್ಲಿ ಮಧು ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮನೆಯಲ್ಲಿ ಚಮಚ ಬಿದ್ದರೆ ಏಳುವವಳು. ಎಷ್ಟೋ ತಿಂಗಳ ಮೇಲೆ ನನಗೆ ನಾನು ಉಪಯೋಗಕ್ಕೆ ಬಂದೆ ಅನ್ನಿಸಿತು. ನೀನು ಇದ್ದಿದ್ದರೆ ನಾಲ್ಕನೇ ಜಾಗದಲ್ಲಿ ಗೆರೆ ಎಳೆಯುತ್ತಿದ್ದೆ. ನಾನೇ ಎಳೆದು ಬಂದಿದ್ದೇನೆ.

ಈಗ ಹೇಳು.

ದಾಕ್ಷಿ


ಮೋಟೆಬೆನ್ನೂರ
7-12-2024

ದಾಕ್ಷಿ,

ಆ ತೇಪಿ ನಂದು.

2019ರ ಜನವರ್ಯಾಗ ನಿಜಲಿಂಗಪ್ಪನವರ ಡ್ರೈವರ್ ಆ ಲಾರಿ ತಂದಿದ್ದ. ರಸಗೊಬ್ಬರ ಹೇರಿ ಹೇರಿ ಅಲ್ಲೆ ಜಂಗ ತಿಂದಿತ್ತು. ಕೊರದು ತಗದು ಹೊಸಾ ಕಬ್ಬಿಣ ಕೂಡಸಾಕ ಎಂಟು ದಿನ ಬೇಕಂದೆ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲ ಬಿದ್ದಾವ, ಮೂರ ದಿನದಾಗ ಕೊಡ್ರಿ ಅಂದ. ಜಂಗಿನ ಮ್ಯಾಲೆ ತಗಡು ಮುಚ್ಚಿ ಬೆಸದೆ. ಸುಗ್ಗಿ ಮುಗದ ಮ್ಯಾಲೆ ತಗೊಂಡ ಬಾ, ಬಿಚ್ಚಿ ಖರೇ ಕೆಲಸ ಮಾಡಿಕೊಡ್ತೇನಿ ಅಂದಿದ್ದೆ. ಅವ ಬರಲಿಲ್ಲ, ನಾನೂ ಹೇಳಿ ಕಳಸಲಿಲ್ಲ. ಸುಗ್ಗಿ ಬಂದ್ರ ಇಲ್ಲೆ ಎಲ್ಲಾರೂ ಹಂಗ ಮಾಡತೇವಿ. ಅದು ನೆವ. ನೆವ ಅಂತ ಗೊತ್ತಿದ್ದ ಬರಿಯಾಕತ್ತೇನಿ.

ನೀ 4619 ಅಂತ ಬರದಾಗ ನೆನಪಾತು. ಒಳಗ ಎಷ್ಟು ತಿಂದೈತಿ ಕೇಳೂಣು ಅಂತ ಬಂದಿದ್ದೆ. ಕೇಳಸಲಿಲ್ಲ ಅಂದಮ್ಯಾಲೆ ಬ್ಯಾಡ ಅಂತ ಬರದು ಕೈ ತೊಳಕೊಂಡೆ. ಅದೂ ತೇಪಿನ.

ಒಳ್ಳೆ ಕೆಲಸಗಾರ ಅಂತ ಬರದಿ. ಆ ಸಾಲು ಮತ್ತೊಮ್ಮೆ ಓದಲಿಲ್ಲ.

ಉಳಿದ ಚಾಸಿ ನೀ ಬರದಂಗ ಇದ್ರ ಇನ್ನೂ ಹತ್ತು ವರ್ಷ ಬರತೈತಿ. ನೀ ಬರದದ್ದರ ಮ್ಯಾಲೆ ನನಗ ಸಂಶಯ ಇಲ್ಲ. ಮೂರನೇ ಜಾಗಾದ ಬೋಲ್ಟು ನಾನಾಗಿದ್ರೂ ಅಷ್ಟು ಲಗೂ ಹಿಡೀತಿದ್ದಿಲ್ಲ. ಲಾರಿ ಯಾರರ ತಗೊಳ್ಳಲಿ, ತೇಪಿ ಬಿಚ್ಚಿ ಕೆಲಸ ಮಾಡಿಕೊಡೂದು ನಂದು. ಈ ಕಾಗದದ ಜೋಡಿ ನಿಜಲಿಂಗಪ್ಪನವರಿಗೆ ಒಂದು ಚೀಟಿ ಇಟ್ಟೇನಿ, ಇದನ್ನೆಲ್ಲಾ ಬರದು ಸಹಿ ಮಾಡೇನಿ. ಅಳಿಯಂದ್ರ ಕೈಯಾಗ ಕೊಟ್ಟು ಕಳಸು. ನಾ ಬ್ಯಾಡ ಅಂದ ಕೂಡ್ಲೆ, ಯಾಕ ಅಂತ ಕೇಳದ ನಿಂತರಲ, ಅಂಥಾ ಡ್ರೈವರ್ ನಮ್ಮ ಶೆಡ್ಡಿಗೆ ನಲವತ್ತು ವರ್ಷದಾಗ ಬಂದದ್ದು ಕಡಿಮಿ. ಹಂಗಂತ ಹೇಳು.

ತಗೊಳ್ಳೂದು ಬಿಡೂದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಅಪ್ಪ


ರಾಣೆಬೆನ್ನೂರು
15 ಡಿಸೆಂಬರ್ 2024

ಅಪ್ಪನಿಗೆ,

ಚೀಟಿಯನ್ನು ನಾವಿಬ್ಬರೂ ಹೋಗಿ ಕೊಟ್ಟೆವು. ನಿಜಲಿಂಗಪ್ಪನವರು ನಿಂತೇ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಸಿಟ್ಟಾಗುತ್ತಾರೆ ಅಂತ ನಾನು ಮಗುವನ್ನು ಗಟ್ಟಿ ಹಿಡಿದಿದ್ದೆ. "ಆರು ಸುಗ್ಗಿ ಅದರ ಮ್ಯಾಲೆ ಲೋಡ್ ಹೇರೀನಿ, ದೇವರು ದೊಡ್ಡಾವ" ಅಂದರು. ಆಮೇಲೆ ಇವರ ಕಡೆ ತಿರುಗಿ, "ತಾ ಮಾಡಿದ್ದು ತಾನ ಬರದು ಸಹಿ ಹಾಕಿದ ಮೇಸ್ತ್ರಿ ನಾ ನೋಡಿದ್ದಿಲ್ಲಪ. ಕಬ್ಬಿಣ ನಾ ಕೊಡಸ್ತೇನಿ, ಕೈಕೆಲಸ ಅವರು ಮಾಡ್ಲಿ. ಆ ಮ್ಯಾಲೆ ತಗೋರಿ, ಬ್ಯಾಡಂದ್ರ ಬಿಡ್ರಿ" ಅಂದರು. ಚೀಟಿಯನ್ನು ಲಾರಿಯ ಕಾಗದಪತ್ರದ ಜೊತೆಗೇ ಇಟ್ಟುಕೊಂಡರು.

ದಾರಿಯಲ್ಲಿ ನಾನು ಇವರನ್ನು ಕೇಳಿದೆ, ಏನು ಮಾಡೋಣ. "ಬಡದು ನೋಡಿದಾಕಿ ನೀನು, ನೀನ ಹೇಳು" ಅಂದರು. ನಾನು ಯಾವುದಕ್ಕೂ ಹೂಂ ಅನ್ನುವವಳಲ್ಲ ಅಂತ ಅವರಿಗೆ ಗೊತ್ತು. ಮಗುವಿಗೆ ಲಸಿಕೆ ಹಾಕಿಸಲೂ ನಾಲ್ಕು ಜನರನ್ನು ಕೇಳಿದವಳು. ಎರಡು ದಿನ ಯೋಚನೆ ಮಾಡಿದೆ. ಇಲ್ಲೊಬ್ಬ ದಲಾಲಿ ಇನ್ನೊಂದು ಲಾರಿ ತೋರಿಸುತ್ತಿದ್ದಾನೆ. ನಿನ್ನೆ ಹೊಡೆದ ಬಣ್ಣ, ಬಂಪರ್ ಕನ್ನಡಿಯ ಹಾಗಿದೆ, ಸುತ್ತಿಗೆ ತೆಗೆದರೆ ಬಣ್ಣ ಹೋಗತೈತಿ ಅಂತ ಬಡಿಯಲು ಬಿಡಲಿಲ್ಲ. ಅದರಲ್ಲಿ ಎಲ್ಲಿ ಏನಿದೆಯೋ ಗೊತ್ತಿಲ್ಲ. ಇದರಲ್ಲಿ ಎಲ್ಲಿ ಏನಿದೆ ಅಂತ ನನಗೆ ಪೂರ್ತಿ ಗೊತ್ತು. ಹೆದರಿಕೆ ಹೋಗಿಲ್ಲ ಅಪ್ಪ, ಆದರೆ ಅದು ಈಗ ಒಂದು ಗೇಣಿನಷ್ಟು ಜಾಗದಲ್ಲಿ ಕೂತಿದೆ. ಅಷ್ಟನ್ನು ಕೊರೆದು ತೆಗೆಯಬಹುದು.

ತಗೊಳ್ಳೋಣ ಅಂದೆ.

ಇದೇ 22ಕ್ಕೆ ಲಾರಿ ಖಾಲಿ ಹೊಡೆದುಕೊಂಡು ಮೋಟೆಬೆನ್ನೂರಿಗೆ ಬರುತ್ತೇವೆ. ಎಂಟು ದಿನ ಅಂದಿದ್ದೆಯಲ್ಲ, ಎಂಟೂ ದಿನ ನಾನು ಇರುತ್ತೇನೆ. ನೀನು ಕೊರೆ, ಬೆಸೆ. ಕಬ್ಬಿಣದ ಜಂಗ ಪೂರ್ತಿ ಹೋಯಿತೋ ಇಲ್ಲವೋ ನಾನು ಬಡಿದು ಕೇಳುತ್ತೇನೆ. ಖಣ್ ಅಂದರೆ ನಿನ್ನ ಭುಜ ತಟ್ಟುತ್ತೇನೆ. ಬೊದ್ ಅಂದರೆ ತಟ್ಟುವುದಿಲ್ಲ.

ನೀನು ಇವರ ಬಗ್ಗೆ ಬರೆದ ಸಾಲನ್ನು ಓದಿ ಹೇಳಿದೆ. ಕಾಗದ ಇಸಿದುಕೊಂಡು ತಾವೇ ಓದಿದರು, ಮಡಚಿ ಲೈಸೆನ್ಸ್ ಇಡುವ ಪಾಕೀಟಿನಲ್ಲಿ ಇಟ್ಟುಕೊಂಡರು. ಹೀಗಾಗಿ ನಿನ್ನ ಆ ಕಾಗದ ನನ್ನ ಹತ್ತಿರ ಇಲ್ಲ.

ದಾಕ್ಷಿ


ಮೋಟೆಬೆನ್ನೂರ
19-1-2025

ದಾಕ್ಷಿಗೆ,

ನೀ ನನ್ನ ಭುಜ ತಟ್ಟಿ ಹೋಗಿ ಮೂರು ವಾರ ಆತು. ಅಳಿಯಂದ್ರು ಮೂರು ಲೋಡ್ ಮುಗಿಸಿ, ನಿನ್ನೆ ಬ್ಯಾಡಗಿಗೆ ಹೊಂಟಾಗ ಶೆಡ್ಡಿನ ಮುಂದ ನಿಲ್ಲಿಸಿದ್ರು. ಚೀಲ ತುಂಬಿದ ಲಾರಿ ಬುಡಕ ಹೋಗಿ ಅಂಗೈ ಇಟ್ಟು ನೋಡಿದೆ. ಬೆಸಿಗಿ ಒಂದು ಎಳಿ ಅಲ್ಲಾಡಿಲ್ಲ. ನಿಮ್ಮವ್ವ ಅವರಿಗೆ ಚಹಾದ ಮ್ಯಾಲೆ ಚಹಾ ಕುಡಿಸಿದ್ಲು.

ಖರೇ ಸುದ್ದಿ ಬ್ಯಾರೇ ಐತಿ. ಮೊನ್ನೆ ಶಾಬುದ್ದೀನ ಒಬ್ಬ ಗಿರಾಕಿನ್ನ ಕರಕೊಂಡು ಬಂದ. ಹೊರಗಿನ ಊರಿಂದು ಹಳೀ ಲಾರಿ, ತಗೊಳ್ಳೂದೋ ಬಿಡೂದೋ ಬಡದು ಹೇಳ್ರಿ ಅಂದ. ಏಳೆಂಟು ಮಂದಿ ನಿಂತಿದ್ರು. ಸುತ್ತಿಗಿ ಕೈಯಾಗ ತಗೊಂಡೆ. ಮತ್ತ ಕೆಳಗ ಇಟ್ಟೆ. ನನಗ ಕೇಳಸೂದಿಲ್ಲ, ನನ್ನ ಮಗಳಿಗೆ ಕೇಳಸತೈತಿ, ಅಂದೆ. ಕಿವಿ ಹೋದವರು ಒದರತಾರ ಅಂತಾರಲ, ರೋಡಿನ ತನಾ ಕೇಳಿಸಿರಬೇಕು.

ಯಾರೂ ನಗಲಿಲ್ಲ. ಶಾಬುದ್ದೀನ ಸೀಮಿಸುಣ್ಣ ತಗೊಂಡು ಶೆಡ್ಡಿನ ತಗಡಿನ ಮ್ಯಾಲೆ ದೊಡ್ಡದಾಗಿ ಬರದ: "ನಿಮ್ಮ ಕಿವಿ ಸುದ್ದಿ ನಮಗ ನಾಕು ವರ್ಷದಿಂದ ಗೊತ್ತೈತಿ ಮೇಸ್ತ್ರಿ, ನಿಮ್ಮ ಮರ್ಯಾದಿಗಂತ ಗಿರಾಕಿ ಕಳಸ್ತಿದ್ದೆ. ಮಗಳ ಸುದ್ದಿ ಹೊಸಾದು. ಆಕಿ ಯಾವಾಗ ಬರ್ತಾಳ?"

ಅದರ ಕೆಳಗ ನಾ 30ಕ್ಕ, ಗುರುವಾರ ಅಂತ ಬರದೇನಿ. ನಿನ್ನ ಕೇಳದ ಬರದೇನಿ. ಆಗಂಗಿಲ್ಲಂದ್ರ ಲಗೂನ ಕಾಗದ ಹಾಕು, ಅಳಿಸ್ತೇನಿ. ಗಿರಾಕಿ ಲಾರಿ ಇಲ್ಲೇ ಬಿಟ್ಟು ಹೋಗ್ಯಾನ.

ಅಪ್ಪ